ಭಾನುವಾರ ಬಂಡೆ ಹತ್ತುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ವಾರಪೂರ್ತಿ ತಾಮ್ರದ ತಂತಿ, ವಾರ್ನಿಷ್ ವಾಸನೆ, ರೈತರ ಸುಟ್ಟ ಪಂಪ್‌ಸೆಟ್. ತಿಂಗಳಿಗೆ ಎರಡು ಭಾನುವಾರ ಮಾತ್ರ ಬಾದಾಮಿಯ ಕೆಂಪು ಬಂಡೆ. ನಮ್ಮದು ಒಂಬತ್ತು ಜನರ ಗುಂಪು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರು. ಸಂಘ ಅಂತ ನೋಂದಾಯಿಸಿಲ್ಲ, ಹೆಸರೂ ಇಟ್ಟಿಲ್ಲ. ಹಗ್ಗದ ಚೀಲ ಹೊತ್ತು ರೈಲು ಹತ್ತಿದರೆ ಎದುರು ಸೀಟಿನವರು ಕೇಳುತ್ತಾರೆ. ಅಂಗಡಿಗೆ ಬಂದವರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಬೀಗರು ಕೇಳುತ್ತಾರೆ. ಎಲ್ಲರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ನನಗೇ ಸಮಾಧಾನ ಇರಲಿಲ್ಲ. ಒಮ್ಮೆ ಕೂತು ಸರಿಯಾಗಿ ಬರೆದಿದ್ದೇನೆ.

ಬಂಡೆ ಹತ್ತುವುದು ಅಂದರೆ ಗುಡ್ಡ ಹತ್ತುವುದೇ ಅಲ್ವಾ?

ಅಲ್ಲ. ಗುಡ್ಡವನ್ನು ಕಾಲಿನಿಂದ ಹತ್ತುತ್ತೇವೆ, ದಾರಿ ಇರುತ್ತದೆ. ಇಲ್ಲಿ ಎದುರಿಗೆ ಇರುವುದು ಗೋಡೆಯ ಹಾಗೆ ನಿಂತ ಕಲ್ಲು. ಬೆರಳು ಸೇರುವಷ್ಟು ಸಂದು, ಕಾಲಿನ ಹೆಬ್ಬೆರಳು ಊರುವಷ್ಟು ಅಂಚು ಹುಡುಕಿ ಏರಬೇಕು. ಹಗ್ಗ ಇಲ್ಲದೆ ಸಣ್ಣ ಗುಂಡುಗಳನ್ನು ಹತ್ತಿ, ಕೆಳಗೆ ಹಾಸಿದ ದಪ್ಪ ಹಾಸಿಗೆ ಮೇಲೆ ಜಿಗಿಯುವುದು ಬೌಲ್ಡರಿಂಗ್. ಹಂಪಿ, ಆನೆಗೊಂದಿ ಕಡೆ ಜಾಸ್ತಿ ನಡೆಯುವುದು ಅದೇ. ಬಾದಾಮಿಯಲ್ಲಿ ನಾವು ಮಾಡುವುದು ಹಗ್ಗ ಕಟ್ಟಿಕೊಂಡು ಎತ್ತರದ ಬಂಡೆ ಏರುವ ಕೆಲಸ.

ಹಗ್ಗ ಹಿಡಿದು ಜಗ್ಗಿಕೊಂಡು ಮೇಲೆ ಹೋಗ್ತೀರಾ?

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಇಲ್ಲ, ಮೇಲೇರಲಿಕ್ಕೆ ಹಗ್ಗವನ್ನು ನಾವು ಹಿಡಿಯುವುದೇ ಇಲ್ಲ. ಹತ್ತುವುದು ಕೈಕಾಲಿನಿಂದ. ಹಗ್ಗ ಇರುವುದು ಕೈ ಜಾರಿದಾಗ ಹಿಡಿಯಲಿಕ್ಕೆ.

ಬಾವಿಯ ಗಡಗಡೆ ನೆನಪಿಸಿಕೊಳ್ಳಿ. ಒಂದು ತುದಿಗೆ ಕೊಡ, ಇನ್ನೊಂದು ತುದಿಯಲ್ಲಿ ಅವ್ವ. ಇಲ್ಲಿ ಕೊಡದ ಜಾಗದಲ್ಲಿ ಹತ್ತುವವರು ಇರುತ್ತಾರೆ. ಅವರ ಸೊಂಟ, ತೊಡೆಗಳಿಗೆ ಹಾರ್ನೆಸ್ ಅನ್ನೋ ಪಟ್ಟಿ. ಅದಕ್ಕೆ ಹಗ್ಗದ ಗಂಟು. ಹಗ್ಗ ಮೇಲೆ ಬಂಡೆಗೆ ಕೂಡಿಸಿದ ಕೊಂಡಿಯಲ್ಲಿ ಹಾಯ್ದು ಮತ್ತೆ ಕೆಳಗೆ ಬರುತ್ತದೆ. ಕೆಳಗೆ ನಿಂತವರ ಹಾರ್ನೆಸ್ಸಿನಲ್ಲಿ ಒಂದು ಸಣ್ಣ ಸಾಧನ ಇರುತ್ತದೆ. ಹಗ್ಗ ಅದರೊಳಗೆ ಮಡಚಿಕೊಂಡು ಹೋಗುತ್ತದೆ. ಅವರು ಕೈಯನ್ನು ಕೆಳಗೆ ಜಗ್ಗಿ ಹಿಡಿದರೆ ಹಗ್ಗ ಅಲ್ಲೇ ಕಚ್ಚಿ ನಿಲ್ಲುತ್ತದೆ. ಹೀಗೆ ಹಗ್ಗ ಹಿಡಿದು ಕಾಯುವುದಕ್ಕೆ ಬಿಲೇ ಅನ್ನುತ್ತಾರೆ. ಬ್ರೇಕ್ ಹಿಡಿದ ಕೈಯನ್ನು ಯಾವ ಕಾರಣಕ್ಕೂ ಹಗ್ಗದಿಂದ ತೆಗೆಯಬಾರದು. ನೊಣ ಮೂಗಿನ ಮೇಲೆ ಕೂತರೂ ತೆಗೆಯಬಾರದು.

ಮೇಲಿನಿಂದಲೇ ಹಗ್ಗ ಇಳಿಬಿಟ್ಟು ಹತ್ತಿದರೆ ಟಾಪ್ ರೋಪ್. ಹತ್ತುತ್ತಾ ಹತ್ತುತ್ತಾ ಬಂಡೆಗೆ ಕೂಡಿಸಿದ ಬೋಲ್ಟಿನಿಂದ ಬೋಲ್ಟಿಗೆ ಹಗ್ಗವನ್ನು ತಾವೇ ಸಿಕ್ಕಿಸಿಕೊಂಡು ಹೋದರೆ ಲೀಡ್. ಲೀಡಿನಲ್ಲಿ ಬಿದ್ದರೆ ಕೊನೆಯ ಬೋಲ್ಟಿನಿಂದ ಎಷ್ಟು ಮೇಲಿದ್ದಿರೋ ಅಷ್ಟೇ ಕೆಳಗೂ ಹೋಗುತ್ತೀರಿ, ಅದರ ಮೇಲೆ ಹಗ್ಗದ ಹಿಗ್ಗು ಬೇರೆ. ಹೊಸಬರಿಗೆ ನಾವು ಟಾಪ್ ರೋಪ್ ಮಾತ್ರ ಕೊಡುತ್ತೇವೆ.

ಪುಸ್ತಕದಲ್ಲಿ ಟೇಕ್, ಸ್ಲ್ಯಾಕ್, ಲೋವರ್ ಅಂತ ಕೂಗುವ ಪದ್ಧತಿ ಇದೆ. ನಮ್ಮವರು "ಹಿಡಿ", "ಬಿಡು", "ಇಳಿಸು" ಅನ್ನುತ್ತಿದ್ದರು. ಯಾವ ಭಾಷೆಯಾದರೂ ಸರಿ, ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. "ಬಿಡು" ಅಂದರೆ ಸ್ವಲ್ಪ ಸಡಿಲ ಕೊಡು ಅಂತಲೋ, ಪೂರ್ತಿ ಬಿಡು ಅಂತಲೋ? ಗಾಳಿ ಬೀಸುವಾಗ ಮೂವತ್ತು ಅಡಿ ಮೇಲಿನಿಂದ ಅದನ್ನು ಬಿಡಿಸಿ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಈಗ "ಬಿಡು" ಬದಲು "ಸಡಿಲು" ಅನ್ನುತ್ತೇವೆ.

ಹಗ್ಗ ಹರಿದರೆ?

ಕ್ಲೈಂಬಿಂಗ್ ಹಗ್ಗ ಸುಮಾರು 9.5ರಿಂದ 10 ಮಿ.ಮೀ. ದಪ್ಪ ಇರುತ್ತದೆ. ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಅದರ ಗುಟ್ಟು ಹಿಗ್ಗುವುದರಲ್ಲಿದೆ. ಜೋರಾಗಿ ಬಿದ್ದಾಗ ಅದು ಇದ್ದುದಕ್ಕಿಂತ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ಉದ್ದವಾಗಬಲ್ಲದು, ಆಮೇಲೆ ಮತ್ತೆ ಕುಗ್ಗುತ್ತದೆ. ಆ ಹಿಗ್ಗೇ ನಿಮ್ಮ ಬೆನ್ನುಮೂಳೆಯನ್ನು ಉಳಿಸುತ್ತದೆ. ಲಾರಿಗೆ ಬಿಗಿಯುವ ಹಗ್ಗ, ಬಾವಿಯ ಹಗ್ಗ ಎಷ್ಟೇ ದಪ್ಪ ಇದ್ದರೂ ಹೀಗೆ ಹಿಗ್ಗುವುದಿಲ್ಲ. ಬಿದ್ದಾಗ ಪೂರ್ತಿ ಏಟು ಮೈಗೆ ಬರುತ್ತದೆ. ದಯವಿಟ್ಟು ಅವನ್ನು ಬಳಸಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ, ಯಾಕೆಂದರೆ ಹುಡುಗರು ಬಂದು "ಅಣ್ಣಾ, ಟ್ರ್ಯಾಕ್ಟರ್ ಹಗ್ಗ ಐತಿ, ನಡೀತೈತಿ ಅಲ್ಲಾ?" ಅಂತ ಕೇಳಿದ್ದಾರೆ.

ಕ್ಯಾರಬೀನರ್ ಅನ್ನೋ ಕೊಂಡಿ ಉದ್ದಕ್ಕೆ 20 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ ಎರಡು ಟನ್ ಭಾರ ತಡೆಯಬೇಕು ಅಂತ ನಿಯಮ ಇದೆ. ಹಗ್ಗ ಸುಮ್ಮನೆ ಹರಿಯುವುದಿಲ್ಲ. ಅದನ್ನು ಕೆಡಿಸುವುದು ಚೂಪಾದ ಕಲ್ಲಂಚು, ಬ್ಯಾಟರಿ ಆ್ಯಸಿಡ್, ವರ್ಷಗಟ್ಟಲೆ ಬಿಸಿಲು. ನನ್ನ ಅಂಗಡಿಯಲ್ಲಿ ಬ್ಯಾಟರಿ ಇರುವುದರಿಂದ ಹಗ್ಗ ಅಲ್ಲಿ ಇಡುವುದೇ ಇಲ್ಲ, ಮನೆಯ ಟ್ರಂಕಿನಲ್ಲಿ ಇಡುತ್ತೇನೆ. ಒಮ್ಮೆಯೂ ಬಳಸದ ಹಗ್ಗವನ್ನೂ ಹತ್ತು ವರ್ಷದ ಮೇಲೆ ಬಿಟ್ಟುಬಿಡಬೇಕು.

ಕೋತಿರಾಜನ ಹಾಗೆ ಬರಿಗೈಲಿ ಹತ್ತುತ್ತೀರಾ?

ಕೋತಿರಾಜ ಅಂತ ಹೆಸರಾದ ಚಿತ್ರದುರ್ಗದ ಜ್ಯೋತಿರಾಜ್ ಅವರ ಮೇಲೆ ನನಗೆ ಬಹಳ ಗೌರವ. ಕೋಟೆಯ ಗೋಡೆಯನ್ನು ಬರಿಗೈಲಿ ಏರುವ ಅವರನ್ನು ನೋಡಿಯೇ ನಮ್ಮ ನಾಡಿನ ಎಷ್ಟೋ ಮಕ್ಕಳಿಗೆ ಇಂಥದೊಂದು ಇದೆ ಅಂತ ಗೊತ್ತಾಗಿದ್ದು. ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ ಅನ್ನೋ ಸುಮಾರು 900 ಮೀಟರ್ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಏರಿದರು. ಆದರೆ ಅವರು ಅದೇ ಬಂಡೆಯನ್ನು ಮೊದಲು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಒಂದೊಂದು ಹಿಡಿತವನ್ನೂ ಬಾಯಿಪಾಠ ಮಾಡಿದ್ದರು. ಅದು ಅವರವರ ದಾರಿ. ನಾವು ಸೋಮವಾರ ಕೆಲಸಕ್ಕೆ ಹೋಗುವವರು. ಹಗ್ಗ ಇಲ್ಲದೆ ಎರಡಾಳು ಎತ್ತರವನ್ನೂ ಹತ್ತುವುದಿಲ್ಲ.

ನೀವೆಲ್ಲ ಮೊದಲಿಂದ ಆಟಗಾರರೇನು?

ಒಬ್ಬರೂ ಅಲ್ಲ. ಅದರಲ್ಲೇ ನನಗೆ ಖುಷಿ.

ಹಾವೇರಿ ಜಿಲ್ಲೆಯ ಒಬ್ಬ ರೈತ ನಮ್ಮಲ್ಲಿದ್ದಾನೆ. ಮೊದಲ ದಿನವೇ ಬಂಡೆಯನ್ನು ಹೆದರಿಕೆ ಇಲ್ಲದೆ ಏರಿದ. ಎಲ್ಲಿ ಕಲಿತೆ ಅಂದೆ. "ಬಾವ್ಯಾಗ" ಅಂದ. ಬೋರ್‌ವೆಲ್ ಬರುವ ಮೊದಲು ಅವರ ಹೊಲದಲ್ಲಿ ಕಲ್ಲು ಕಟ್ಟಿದ ತೆರೆದ ಬಾವಿ ಇತ್ತು. ಗೋಡೆಯಿಂದ ಒಂದೊಂದು ಕಲ್ಲು ಗೇಣುದ್ದ ಮುಂದೆ ಚಾಚಿದ್ದು, ಅದೇ ಮೆಟ್ಟಿಲು. ಪಂಪಿನ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದರೆ ಹನ್ನೆರಡು ವರ್ಷದ ಇವನನ್ನು ಇಳಿಸುತ್ತಿದ್ದರು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲನ್ನು ಪೂರ್ತಿ ಊರಬಾರದು, ಬೆರಳ ತುದಿ ಊರಿ ಹಿಮ್ಮಡಿ ಕೆಳಗೆ ಬಿಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನಮಗೆ ಅದನ್ನು ಕಲಿಯಲಿಕ್ಕೆ ಆರು ತಿಂಗಳು ಹಿಡಿಯಿತು. ಈಗ ಆ ಬಾವಿಯನ್ನು ಮುಚ್ಚಿದ್ದಾರೆ. ಬಂಡೆಯ ಮೇಲೆ ಕೈ ಇಟ್ಟಾಗ ಅದೇ ತಣ್ಣಗಿನ ಕಲ್ಲಿನ ವಾಸನೆ ಬರುತ್ತದೆ ಅಂತಾನೆ.

ಇನ್ನೊಬ್ಬಳು ಲಕ್ಷ್ಮೇಶ್ವರದ ಹುಡುಗಿ, ಧಾರವಾಡದಲ್ಲಿ ಡಿಗ್ರಿ ಓದುತ್ತಾಳೆ. ಲಕ್ಷ್ಮೇಶ್ವರ ಮಲ್ಲಕಂಬಕ್ಕೆ ಹೆಸರಾದ ಊರು ಅಲ್ವಾ? ಇವಳೂ ಚಿಕ್ಕಂದಿನಿಂದ ಕಂಬ ಹತ್ತಿದವಳು. ತೊಡೆಯ ಹಿಡಿತ, ಹೊಟ್ಟೆಯ ಬಿಗಿ, ತಲೆ ಕೆಳಗಾದರೂ ದಿಕ್ಕು ತಪ್ಪದ ಕಣ್ಣು ಎಲ್ಲ ಇದೆ. ಅಲ್ಲಿ ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ, ಇಲ್ಲಿ ಕೈಗೆ ಪುಡಿ ಹಚ್ಚುತ್ತೇವೆ. ಆ ಬದಲಾವಣೆ ಅವಳಿಗೆ ಒಂದು ದಿನದ ಕೆಲಸ. ಕಷ್ಟವಾಗಿದ್ದು ಬೇರೆ. ಮಲ್ಲಕಂಬದಲ್ಲಿ ತನ್ನ ಮೈಯನ್ನು ತಾನೇ ಹಿಡಿಯಬೇಕು, ಇನ್ನೊಬ್ಬರು ಹಿಡಿಯುವ ಮಾತೇ ಇಲ್ಲ. ಇಲ್ಲಿ ಮೇಲೆ ಮುಟ್ಟಿದ ಮೇಲೆ ಕೈ ಬಿಟ್ಟು ಹಗ್ಗದ ಮೇಲೆ ಕೂರಬೇಕು. ಅವಳು ಕೂರಲಿಲ್ಲ. ಹತ್ತಿದ ದಾರಿಯಲ್ಲೇ ಒಂದೊಂದು ಹಿಡಿತ ಹಿಡಿದು ಇಳಿದು ಬಂದಳು! ಮೂರು ಭಾನುವಾರ ಹೀಗೇ ಆಯಿತು. ನಾಲ್ಕನೆಯ ಸಲ ಅವಳನ್ನೇ ಬಿಲೇಗೆ ನಿಲ್ಲಿಸಿದೆವು. ಎಂಬತ್ತು ಕೆಜಿಯ ನನ್ನನ್ನು ತಾನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆ, ತಾನು ಹತ್ತಿದಾಗ ಕೈ ಬಿಟ್ಟಳು.

ಹೆಣ್ಣುಮಕ್ಕಳು, ಅದರಲ್ಲೂ ಮದುವೆ ಆದವರು ಬರುತ್ತಾರಾ?

ಒಂಬತ್ತರಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು. ಇದರಲ್ಲಿ ತೋಳಿನ ಬಲಕ್ಕಿಂತ ಕಾಲಿನ ಕೆಲಸ, ತೂಕ ಎಲ್ಲಿ ಇಡಬೇಕು ಅನ್ನೋ ಲೆಕ್ಕ ಜಾಸ್ತಿ. ಗಂಡಸರು ಮೊದಲ ದಿನ ಜಗ್ಗಿ ಜಗ್ಗಿ ಮುಂಗೈ ಗಟ್ಟಿಯಾಗಿ ಅರ್ಧಕ್ಕೇ ಸೋಲುತ್ತಾರೆ. ಹೆಣ್ಣುಮಕ್ಕಳು ಕಾಲು ನೋಡಿಕೊಂಡು ಹೋಗುತ್ತಾರೆ.

ಗದಗಿನಿಂದ ಒಬ್ಬ ನರ್ಸ್ ಬರುತ್ತಾರೆ. ಶನಿವಾರ ರಾತ್ರಿ ಡ್ಯೂಟಿ ಮುಗಿಸಿ ನೇರ ರೈಲ್ವೆ ಸ್ಟೇಷನ್ನಿಗೆ. ನಾವು ಹುಬ್ಬಳ್ಳಿಯಿಂದ ಬಂದ ಗಾಡಿಯಲ್ಲಿ ಅವರಿಗೊಂದು ಸೀಟು ಹಿಡಿದಿರುತ್ತೇವೆ. ಬಾದಾಮಿವರೆಗೆ ನಿದ್ದೆ ಮಾಡುತ್ತಾರೆ, ಯಾರೂ ಎಬ್ಬಿಸುವುದಿಲ್ಲ.

ಮೊದಲ ಸಲ ಅವರ ಅತ್ತೆ ಜೊತೆಗೆ ಬಂದಿದ್ದರು. ಸೊಸೆ ಎಲ್ಲಿಗೆ ಹೋಗುತ್ತಾಳೆ ಅಂತ ಕಣ್ಣಿನಿಂದ ನೋಡದೆ ಒಪ್ಪುವವರಲ್ಲ. ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಬಂಡೆಯ ನೆರಳಿನಲ್ಲಿ ಕೂತರು. ಕ್ಲೈಂಬಿಂಗ್ ಶೂ ಬಿಗಿಯಾಗಿರಬೇಕು, ಬೆರಳು ಮಡಚಿ ಕೂರಬೇಕು. ಕಾಲುಂಗುರ ಇದ್ದರೆ ಒಳಗೆ ಒತ್ತಿ ರಕ್ತ ಬರುತ್ತದೆ. ಕೈಯುಂಗುರ ಅಂತೂ ಬಹಳ ಅಪಾಯ, ಕಲ್ಲಿನ ಸಂದಿಗೆ ಸಿಕ್ಕಿ ಮೈಭಾರ ಬಿದ್ದರೆ ಬೆರಳಿನ ಚರ್ಮವೇ ಕಿತ್ತು ಬರುತ್ತದೆ. ಆದರೆ ಅತ್ತೆಯ ಎದುರಿಗೆ ಕಾಲುಂಗುರ ತೆಗೆಯುವುದು ಹೇಗೆ? ನರ್ಸ್ ಶೂ ಕೈಯಲ್ಲಿ ಹಿಡಿದು ಸುಮ್ನೆ ಕೂತುಬಿಟ್ಟರು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಸೊಸೆಯ ಕಾಲು ತೊಡೆಯ ಮೇಲೆ ಎಳೆದುಕೊಂಡು, ಎಂಜಲು ಹಚ್ಚಿ ತಿರುವಿ ತಿರುವಿ ಎರಡೂ ಕಾಲುಂಗುರ ತೆಗೆದರು. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದರು. "ನನ್ನ ಗಂಟು ಬಿಚ್ಚಂಗಿಲ್ಲ. ನಿನ್ನ ಗಂಟು ನೋಡ್ಕೊ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕೆಳಗ ಹಗ್ಗಾ ಯಾರು ಹಿಡೀತೀರಿ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಅಷ್ಟು ಸರಿಯಾದ ಪ್ರಶ್ನೆ ಯಾರೂ ಕೇಳಿಲ್ಲ.

ಬಟ್ಟೆಯ ಬಗ್ಗೆ ಹೇಳುವುದಾದರೆ, ಚೂಡಿದಾರ್ ನಡೆಯುತ್ತದೆ, ವೇಲ್ ಬೇಡ. ಜಡೆಯನ್ನು ಮೇಲೆ ಕಟ್ಟಿ, ಬಿಲೇ ಸಾಧನದಲ್ಲಿ ಕೂದಲು ಸಿಕ್ಕರೆ ಬಿಡಿಸುವುದು ಕಷ್ಟ.

ವಯಸ್ಸು ಎಷ್ಟಿರಬೇಕು?

ನಾನು ಶುರು ಮಾಡಿದ್ದು 36ಕ್ಕೆ. ನಮ್ಮ ಗುಂಪಿನ ಹಿರಿಯರು ಧಾರವಾಡದ ನಿವೃತ್ತ ಕನ್ನಡ ಮೇಷ್ಟ್ರು, 58ಕ್ಕೆ ಶುರು ಮಾಡಿದರು, ಈಗ 61. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಡಾಕ್ಟರನ್ನು ಕೇಳಿಯೇ ಬಂದರು. ದೊಡ್ಡ ದಾರಿಗಳನ್ನು ಅವರು ಹತ್ತುವುದಿಲ್ಲ. ಆದರೆ ಅವರಷ್ಟು ಚೆನ್ನಾಗಿ ಬಿಲೇ ಮಾಡುವವರನ್ನು ನಾನು ನೋಡಿಲ್ಲ. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತವರು ಅಲ್ವಾ, ಹಿಂದಿನ ಬೆಂಚಿನ ಹುಡುಗನ ಮುಖ ನೋಡಿ ಏನಾಗಿದೆ ಅಂತ ಹೇಳುವ ಕಣ್ಣು ಅದು. ನಾನು ಜಾರುವ ಮೊದಲೇ ನನ್ನ ಕಾಲು ನಡುಗುವುದನ್ನು ಕಂಡು ಹಗ್ಗದ ಸಡಿಲು ತೆಗೆದಿರುತ್ತಾರೆ.

ಮಕ್ಕಳೂ ಹತ್ತಬಹುದು. ಆದರೆ ಬೆಳೆಯುವ ಮಕ್ಕಳಿಗೆ ಬೆರಳಿನ ಮೇಲೆ ಜೋತಾಡುವ ಕಸರತ್ತು ಬೇಡ, ಬೆರಳಿನ ಎಳೆಯ ಮೂಳೆಗೆ ಪೆಟ್ಟಾಗುತ್ತದೆ.

ಬೆರಳಿಗೆ ಪೆಟ್ಟಾದವರು, ಅಂಗವಿಕಲರು ಹತ್ತಬಹುದಾ?

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ಟರ್ನರ್ ಆಗಿರುವ ಗೆಳೆಯನಿಗೆ ಎಡಗೈಯ ಉಂಗುರದ ಬೆರಳು ಅರ್ಧ ಇಲ್ಲ. ಮಶೀನಿಗೆ ಹೋಗಿದ್ದು. ಎರಡು ವರ್ಷ ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಅವನಿಗೆ ನಾನು ಅಮೆರಿಕದ ಕ್ಲೈಂಬರ್ ಟಾಮಿ ಕಾಲ್ಡ್‌ವೆಲ್ ವಿಷಯ ಹೇಳಿದೆ. 2001ರಲ್ಲಿ ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ಅವರ ಎಡಗೈ ತೋರುಬೆರಳು ಹೋಯಿತು. 2015ರ ಜನವರಿಯಲ್ಲಿ ಅದೇ ಕೈಯಿಂದ, ಕೆವಿನ್ ಜಾರ್ಗೆಸನ್ ಜೊತೆ, ಎಲ್ ಕ್ಯಾಪಿಟನ್‌ನ ಡಾನ್ ವಾಲ್ ಅನ್ನೋ ಕಷ್ಟದ ದಾರಿಯನ್ನು 19 ದಿನ ಬಂಡೆಯ ಮೇಲೇ ಇದ್ದು ಏರಿದರು. ನಮ್ಮ ಟರ್ನರ್ ಒಂದು ಮಾತೂ ಆಡಲಿಲ್ಲ. ಮುಂದಿನ ಭಾನುವಾರ ಸ್ಟೇಷನ್ನಿನಲ್ಲಿ ನಿಂತಿದ್ದ. ಈಗ ಬಂಡೆಯ ಸಣ್ಣ ಸಂದಿಯಲ್ಲಿ ಉಳಿದ ಬೆರಳುಗಳನ್ನು ಹೇಗೆ ಹೊಂದಿಸಬೇಕು ಅಂತ ಜಾಬ್ ಸೆಟ್ಟಿಂಗ್ ಮಾಡುವ ಹಾಗೆ ಗಮನವಿಟ್ಟು ನೋಡುತ್ತಾನೆ. ಎಡಗೈಯಲ್ಲಿ ನಾಚಿಕೆ ಇಲ್ಲದೆ ಚಹಾ ಕಪ್ ಹಿಡಿಯುತ್ತಾನೆ.

ಬೆಂಗಳೂರಿನ ಮಣಿಕಂಠನ್ ಕುಮಾರ್ ಅವರಿಗೆ ಪೋಲಿಯೊದಿಂದ ಒಂದು ಕಾಲಿಗೆ ಬಲವಿಲ್ಲ. ಅವರು ಪ್ಯಾರಾಕ್ಲೈಂಬಿಂಗ್ ವಿಶ್ವ ಮಟ್ಟದಲ್ಲಿ ಪದಕ ಗೆದ್ದವರು. 2028ರ ಲಾಸ್ ಏಂಜಲೀಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಸಲ ಜಾಗ ಸಿಕ್ಕಿದೆ.

ನಿಮಗೆ ಯಾವತ್ತಾದರೂ ಅಪಘಾತ ಆಗಿದೆಯಾ?

ಆಗುವುದರಲ್ಲಿತ್ತು. ತಪ್ಪು ಪೂರ್ತಿ ನನ್ನದೇ.

ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟುವುದು ಎಂಟರ ಗಂಟು. ಮೊದಲು ಹಗ್ಗದಲ್ಲಿ 8ರ ಆಕಾರ ಮಾಡಬೇಕು, ತುದಿಯನ್ನು ಹಾರ್ನೆಸ್ಸಿನಲ್ಲಿ ತೂರಿಸಬೇಕು, ಮತ್ತೆ ಅದೇ 8ರ ದಾರಿಯಲ್ಲಿ ಹಿಂದಕ್ಕೆ ಹಾಯಿಸಬೇಕು. ಮುಗಿದಾಗ ಎಲ್ಲ ಕಡೆ ಜೋಡಿ ಎಳೆ ಕಾಣಬೇಕು: ಎರಡು, ಎರಡು, ಎರಡು, ಎರಡು, ಎರಡು. ಅವತ್ತು ನಾನು ತುದಿಯನ್ನು ಹಾರ್ನೆಸ್ಸಿನಲ್ಲಿ ತೂರಿಸಿದೆ, ಅಷ್ಟರಲ್ಲಿ ಫೋನ್ ಬಂತು. ನವಲಗುಂದದ ಗಿರಾಕಿ, ಮೋಟಾರ್ ಯಾವಾಗ ಕೊಡ್ತೀರಿ ಅಂತ. ಮಾತು ಮುಗಿಸಿ ಫೋನ್ ಚೀಲಕ್ಕೆ ಹಾಕಿ ನೇರ ಬಂಡೆಗೆ ಕೈ ಹಚ್ಚಿದೆ. ಎದೆಯೆತ್ತರ ಏರಿದ್ದೆ. ಬಿಲೇಯಲ್ಲಿದ್ದ ಟರ್ನರ್ "ಇಳಿ" ಅಂದ. ಅಷ್ಟೇ. ಇಳಿದೆ. ಅವನು ಬಂದು ನನ್ನ ಹೊಟ್ಟೆಯ ಹತ್ತಿರ ಬೆರಳು ಇಟ್ಟು ತೋರಿಸಿದ. ತುದಿ ಸುಮ್ನೆ ತೂಗಾಡುತ್ತಿತ್ತು. ಅವತ್ತು ಮತ್ತೆ ಹತ್ತಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಲಿಕ್ಕೂ ಬಾಯಿ ಬರಲಿಲ್ಲ.

ಅಮೆರಿಕದ ಲಿನ್ ಹಿಲ್ ಜಗತ್ತಿನ ದೊಡ್ಡ ಕ್ಲೈಂಬರ್‌ಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂ ಅನ್ನೋ ಜಾಗದಲ್ಲಿ ಇದೇ ಹಾಗೆ ಗಂಟು ಅರ್ಧಕ್ಕೆ ಬಿಟ್ಟು ಹತ್ತಿದರು. ಮೇಲೆ ಮುಟ್ಟಿ ಹಗ್ಗದ ಮೇಲೆ ಭಾರ ಹಾಕಿದಾಗ ಹಗ್ಗ ಜಾರಿ ಬಂತು. ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗೆ ಬಿದ್ದರು. ಮರದ ಕೊಂಬೆಗೆ ತಾಗಿದ್ದರಿಂದ ಬದುಕಿದರು. ನಾಲ್ಕು ವರ್ಷದ ಮೇಲೆ, 1993ರಲ್ಲಿ, ಎಲ್ ಕ್ಯಾಪಿಟನ್‌ನ ನೋಸ್ ದಾರಿಯನ್ನು ಹಗ್ಗಕ್ಕೆ ಭಾರ ಹಾಕದೆ ಪೂರ್ತಿ ಏರಿದವರಲ್ಲಿ ಮೊದಲಿಗರಾದರು. ಅಂಥವರಿಗೇ ಆಗಿದ್ದು ನಮಗೆ ಆಗದಿರುತ್ತದೆಯೇ? ಈಗ ನಮ್ಮಲ್ಲಿ ನಿಯಮ ಇದೆ. ಗಂಟು ಕಟ್ಟುವವರ ಜೊತೆ ಯಾರೂ ಮಾತಾಡಬಾರದು. ಹತ್ತುವವರ ಗಂಟನ್ನು ಬಿಲೇಯವರು ಮುಟ್ಟಿ ನೋಡಬೇಕು, ಬಿಲೇಯವರ ಕೊಂಡಿಯನ್ನು ಹತ್ತುವವರು ಮುಟ್ಟಿ ನೋಡಬೇಕು. ಫೋನ್ ಎಲ್ಲರದ್ದೂ ಅಜ್ಜಿಯ ಬುಟ್ಟಿಯಲ್ಲಿ.

ಬಾದಾಮಿಗೆ ಯಾಕೆ? ಇಲ್ಲೇ ನೃಪತುಂಗ ಬೆಟ್ಟ, ಕಪ್ಪತಗುಡ್ಡ ಇಲ್ವಾ?

ಕಲ್ಲಿನ ಜಾತಿಯ ಮಾತು ಇದು. ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಗೊತ್ತು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಆದರೆ ಆ ಪದರುಗಲ್ಲು ಹೆಚ್ಚಾಗಿ ಹಾಳೆ ಹಾಳೆಯಾಗಿ ಬಿಡುತ್ತದೆ. ಹಿಡಿದದ್ದು ಕೈಗೇ ಬಂದರೆ ಹತ್ತುವುದು ಹೇಗೆ? ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ ಕೂಡ. ಅಲ್ಲಿ ನಡೆಯಲಿಕ್ಕೆ ಹೋಗೋಣ, ಅದೂ ಅರಣ್ಯ ಇಲಾಖೆಯನ್ನು ಕೇಳಿಕೊಂಡು.

ಬಾದಾಮಿಯದು ಮರಳುಗಲ್ಲು, ಅಡ್ಡ ಅಡ್ಡ ಪದರ. ರೊಟ್ಟಿ ಒಟ್ಟಿಟ್ಟ ಹಾಗೆ ಕಾಣುತ್ತದೆ. ಒಂದು ಪದರ ಸವೆದು ಇನ್ನೊಂದು ಮುಂದೆ ಚಾಚಿದ ಕಡೆ ಬೆರಳಿಗೆ ಅಂಚು ಸಿಗುತ್ತದೆ. ಹಂಪಿಯ ಗ್ರಾನೈಟಿನಲ್ಲಿ ಅಂಚು ಕಡಿಮೆ, ಹರಳು ಜಾಸ್ತಿ, ಒಂದೇ ದಿನಕ್ಕೆ ಬೆರಳ ತುದಿಯ ಚರ್ಮ ಹೋಗುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡದಲ್ಲೂ ಇಂಥ ಕಲ್ಲಿನ ದೊಡ್ಡ ಗೋಡೆಗಳಿವೆ. ಆದರೆ ಅಲ್ಲಿ ಕೋಟೆ ಇದೆ, ಕಾಲಕಾಲೇಶ್ವರನ ಗುಡಿ ಇದೆ. ಅಲ್ಲಿಗೆ ನಾವು ಕೈ ಮುಗಿಯಲಿಕ್ಕೆ ಮಾತ್ರ ಹೋಗುತ್ತೇವೆ.

ಬಾದಾಮಿಯಲ್ಲಿ ಗುಹೆಗಳ ಮೇಲೆ ಹತ್ತುತ್ತೀರಾ?

ಇಲ್ಲ. ಖಂಡಿತ ಇಲ್ಲ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಅದರ ಹತ್ತಿರದ ಕಲ್ಲಿಗೆ ಮೊಳೆ ಬಡಿಯುವ ಯೋಚನೆಯೂ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಕ್ಲೈಂಬಿಂಗ್ ದಾರಿಗಳು ಬೇರೆ ಬಂಡೆಗಳಲ್ಲಿವೆ. ಊರಿನ ಗೈಡ್‌ಗಳಿಗೆ ಎಲ್ಲಿ ಹತ್ತಬಹುದು, ಎಲ್ಲಿ ಬಾರದು ಅಂತ ಗೊತ್ತಿದೆ. ಅವರನ್ನು ಕೇಳದೆ ಹಗ್ಗ ಬಿಚ್ಚಬೇಡಿ.

ಯಾವ ಕಾಲದಲ್ಲಿ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್-ಮೇನಲ್ಲಿ ಕಲ್ಲು ಹಂಚಿನ ಹಾಗೆ ಕಾದಿರುತ್ತದೆ. ಮಳೆ ಬಂದ ಮೇಲೆ ಮರಳುಗಲ್ಲು ಪೂರ್ತಿ ಆರುವವರೆಗೆ ಎರಡು-ಮೂರು ದಿನ ಬಿಡಬೇಕು. ನೀರು ಕುಡಿದ ಮರಳುಗಲ್ಲಿನ ಬಿಗಿ ಕಡಿಮೆಯಾಗುತ್ತದೆ, ಅಂಚು ಮುರಿಯಬಹುದು. ಒಮ್ಮೆ ಮುರಿದ ಹಿಡಿತ ಮತ್ತೆ ಬೆಳೆಯುವುದಿಲ್ಲ.

ಹೆಜ್ಜೇನಿನ ಬಗ್ಗೆ ಎಚ್ಚರ ಇರಲಿ. ಎತ್ತರದ ಬಂಡೆಗಳಿಗೆ ದೊಡ್ಡ ದೊಡ್ಡ ಹುಟ್ಟು ಜೋತುಬಿದ್ದಿರುತ್ತವೆ. ಜೇನುಹುಟ್ಟು ಇರುವ ಕಡೆ ಹತ್ತಬೇಡಿ. ಸೆಂಟು ಹಚ್ಚಬೇಡಿ, ಬೀಡಿ-ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ. ಜೇನು ಎದ್ದರೆ ಹತ್ತುವವರನ್ನು ಮೊದಲು ಇಳಿಸಿ, ಆಮೇಲೆ ಓಡಿ. ಹಗ್ಗ ಹಿಡಿದವರು ಮೊದಲು ಓಡುವ ಹಾಗಿಲ್ಲ. ಮಂಗಗಳಿಗೆ ರೊಟ್ಟಿ ಬುಟ್ಟಿ ಕಾಣದಂತೆ ಇಡಿ.

ಕೈಗೆ ಹಚ್ಚುವ ಬಿಳಿ ಪುಡಿ ಏನು?

ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರುತ್ತದೆ. ಜಿಮ್ನಾಸ್ಟಿಕ್ಸ್‌ನವರು ಬಳಸುತ್ತಿದ್ದುದನ್ನು 1950ರ ದಶಕದಲ್ಲಿ ಅಮೆರಿಕದ ಕ್ಲೈಂಬರ್ ಜಾನ್ ಗಿಲ್ ಬಂಡೆಗೆ ತಂದರು. ಬ್ಲ್ಯಾಕ್‌ಬೋರ್ಡಿನ ಸೀಮೆಸುಣ್ಣ ಪುಡಿ ಮಾಡಿದರೆ ಆಗುವುದಿಲ್ಲ. ಹತ್ತಿ ಮುಗಿದ ಮೇಲೆ ಬಂಡೆಯ ಮೇಲಿನ ಬಿಳಿ ಗುರುತನ್ನು ಬ್ರಶ್ಶಿನಿಂದ ಒರೆಸಿ ಬರಬೇಕು.

ಖರ್ಚು ಎಷ್ಟು?

ಶೂ ಐದಾರು ಸಾವಿರದಿಂದ ಶುರು, ಹಾರ್ನೆಸ್ ಮೂರ್ನಾಲ್ಕು ಸಾವಿರ. 60 ಮೀಟರ್ ಹಗ್ಗಕ್ಕೆ ನಾವು ಒಂಬತ್ತು ಜನ ಹಂಚಿಕೊಂಡು ಹದಿನೈದು ಸಾವಿರ ಕೊಟ್ಟೆವು. ಮೊದಲ ವರ್ಷ ಏನೂ ಕೊಳ್ಳಬೇಡಿ, ಗುಂಪಿನದ್ದು ಬಳಸಿ. ಹಾರ್ನೆಸ್ ಮತ್ತು ಹಗ್ಗವನ್ನು ಅಪರಿಚಿತರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಡಿ. ಇನ್ಶೂರೆನ್ಸ್ ಇದ್ದರೆ ಕಾಗದ ಓದಿ, ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ.

ಮನೆಯಲ್ಲೇ ಅಭ್ಯಾಸ ಮಾಡಬಹುದಾ?

ನಮ್ಮ ಮನೆಯ ಮಾಳಿಗೆ ಮೇಲೆ 8×4 ಅಡಿಯ ಎರಡು ಪ್ಲೈವುಡ್ ಹಾಳೆ, 18 ಮಿ.ಮೀ. ದಪ್ಪದ್ದು, ಮುಂದಕ್ಕೆ ಬಾಗಿಸಿ ನಿಲ್ಲಿಸಿದ್ದೇವೆ. ಹಿಡಿತಗಳನ್ನು ಬಡಿಗ ತೇಗದ ತುಂಡುಗಳಿಂದ ಮಾಡಿಕೊಟ್ಟ. ಅಂಚು ಉಜ್ಜಿ ದುಂಡಗೆ ಮಾಡಿ ಅಂದಿದ್ದಕ್ಕೆ, ಬಾಗಿಲ ಹಿಡಿಕೆ ಅಂದುಕೊಂಡು ಪಾಲಿಶ್ ಹೊಡೆದಿದ್ದ. ಪಾಲಿಶ್ ತೆಗೆದೆವು. ವಾರಕ್ಕೆ ಎರಡು ಸಂಜೆ ಸಾಕು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಬೆರಳಿನ ಮೂಳೆಗೆ ಕೂಡಿಸುವ ಕಂಡರ ನಿಧಾನ. ಬೆರಳ ಬುಡದಲ್ಲಿ ನೋವು ಬಂದರೆ ಅವತ್ತೇ ನಿಲ್ಲಿಸಿ.

5, 6ಎ, 7ಬಿ ಅಂದರೆ ಏನು?

ದಾರಿಯ ಕಷ್ಟದ ಅಳತೆ, ಫ್ರಾನ್ಸಿನ ಪದ್ಧತಿ. ಹೊಸಬರಿಗೆ 4, 5. ಎಂಟು ವರ್ಷದಲ್ಲಿ ನಾನು ಮುಟ್ಟಿದ್ದು 6ಎ+. ಚೆಕ್ ದೇಶದ ಆ್ಯಡಮ್ ಓಂಡ್ರಾ 2017ರಲ್ಲಿ ನಾರ್ವೆಯಲ್ಲಿ ಜಗತ್ತಿನ ಮೊದಲ 9ಸಿ ದಾರಿ ಹತ್ತಿದರು.

ಒಲಿಂಪಿಕ್ಸ್‌ನಲ್ಲಿ ಇದೆಯಾ?

ಇದೆ. 2021ರಲ್ಲಿ ನಡೆದ ಟೋಕಿಯೊ ಕೂಟದಿಂದ ಬಂತು. ಸ್ಪೀಡ್ ವಿಭಾಗದ ಗೋಡೆ 15 ಮೀಟರ್. 2024ರ ಪ್ಯಾರಿಸ್ ಕೂಟದಲ್ಲಿ ಅಮೆರಿಕದ ಸ್ಯಾಮ್ ವಾಟ್ಸನ್ ಅದನ್ನು 4.74 ಸೆಕೆಂಡಿನಲ್ಲಿ ಏರಿದರು. ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಎರಡೂ ಕೂಟಗಳಲ್ಲಿ ಚಿನ್ನ ಗೆದ್ದರು. ಲಕ್ಷ್ಮೇಶ್ವರದ ಹುಡುಗಿಯ ಫೋನಿನಲ್ಲಿ ಇವರದ್ದೇ ಚಿತ್ರ.

ಎಲ್ಲಿ ಸರಿಯಾಗಿ ಕಲಿಯಬೇಕು?

ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ಕೊಡುತ್ತದೆ. ರಜೆ ಇದ್ದವರು ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಅಥವಾ ಉತ್ತರಕಾಶಿಯ ನೆಹರೂ ಸಂಸ್ಥೆಯ ಬೇಸಿಕ್ ಕೋರ್ಸಿಗೆ ಹೋಗಬಹುದು, ಅದರಲ್ಲಿ ಬಂಡೆಯ ಪಾಠವೂ ಇರುತ್ತದೆ. ಗಂಟು, ಬಿಲೇಯನ್ನು ವಿಡಿಯೊ ನೋಡಿ ಕಲಿಯಬೇಡಿ. ಪಕ್ಕದಲ್ಲಿ ನಿಂತು ಕೈ ತಿದ್ದುವವರು ಬೇಕು.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹತ್ತುತ್ತೀರಿ?

ಬೇರೆಯವರ ಉತ್ತರ ಬೇರೆ ಇರಬಹುದು, ನನ್ನದು ಹೇಳುತ್ತೇನೆ.

ಅಪ್ಪ ತೀರಿಕೊಂಡಾಗ ಅಂಗಡಿ ನನ್ನ ಕೈಗೆ ಬಂತು. ರಿವೈಂಡಿಂಗಿನಲ್ಲಿ ಸುತ್ತಿನ ಲೆಕ್ಕ ಮುಖ್ಯ. ಒಂದು ಕಾಯಿಲಿನಲ್ಲಿ ನಾಲ್ಕು ಸುತ್ತು ಹೆಚ್ಚುಕಡಿಮೆ ಆದರೂ ಮೋಟಾರ್ ಕಾಯುತ್ತದೆ, ಸುಡುತ್ತದೆ. ಅಂಗಡಿಯ ಹುಡುಗ ಸುತ್ತಿದ್ದನ್ನೆಲ್ಲ ನಾನು ಮತ್ತೆ ಎಣಿಸುತ್ತಿದ್ದೆ. ರಾತ್ರಿ ಹನ್ನೊಂದಾದರೂ ಎಣಿಸುತ್ತಿದ್ದೆ. ಅವನು ಏನೂ ಅನ್ನುತ್ತಿರಲಿಲ್ಲ, ಸುಮ್ನೆ ತಂತಿ ತುಂಡು ಗುಡಿಸುತ್ತಿದ್ದ.

ಒಬ್ಬ ಗಿರಾಕಿ ಒತ್ತಾಯ ಮಾಡಿ ಬಾದಾಮಿಗೆ ಕರೆದುಕೊಂಡು ಹೋದರು. ಹತ್ತಿದೆ. ಮೇಲೆ ಮುಟ್ಟಿದೆ. ಕೆಳಗಿನಿಂದ "ಕೈ ಬಿಡಿ, ಹಿಂದಕ್ಕೆ ಕೂತ್ಕೊಳ್ರಿ, ಇಳಿಸ್ತೀನಿ" ಅಂದರು. ನನ್ನಿಂದ ಆಗಲಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಲ್ಲಿಗೆ ಅಂಟಿಕೊಂಡಿದ್ದೆ. ಮುಂಗೈ ನಡುಗುತ್ತಿತ್ತು, ಹಣೆ ಕಲ್ಲಿಗೆ ಒತ್ತಿತ್ತು, ಕಣ್ಣಿನ ಮುಂದೆ ಒಂದು ಕೆಂಪಿರುವೆ ಪದರದ ಸಂದಿಯಲ್ಲಿ ಹೋಗಿ ಬರುತ್ತಿತ್ತು. ಕೆಳಗಿನವರು ಬೈಯಲಿಲ್ಲ, ಅವಸರ ಮಾಡಲಿಲ್ಲ. ಹಗ್ಗ ಬಿಗಿ ಹಿಡಿದುಕೊಂಡು ಕಾದರು. ಕೊನೆಗೆ ಬೆರಳು ತಾನೇ ಸೋತು ಬಿಟ್ಟಿತು. ನಾನು ಬೀಳಲಿಲ್ಲ. ಹಗ್ಗ ಸ್ವಲ್ಪ ಹಿಗ್ಗಿ, ತೊಟ್ಟಿಲಿನ ಹಾಗೆ ತೂಗಿ ನಿಂತಿತು.

ಮರುದಿನ ಅಂಗಡಿಯಲ್ಲಿ ಹುಡುಗ ಕಾಯಿಲ್ ಸುತ್ತಿ ತಂದು ಮೇಜಿನ ಮೇಲಿಟ್ಟ, ನಾನು ಎಣಿಸುತ್ತೇನೆ ಅಂತ ಕಾದು ನಿಂತ. ನಾನು ಎಣಿಸಲಿಲ್ಲ. ವಾರ್ನಿಷಿಗೆ ಹಾಕು ಅಂದೆ.

ನಾನೂ ಬರಬಹುದಾ? ಬರುವಾಗ ಏನು ತರಬೇಕು?

ಬನ್ನಿ. ಹುಬ್ಬಳ್ಳಿಯಿಂದ ಗದಗ ಮೇಲೆ ಹೋಗುವ ಬೆಳಗಿನ ಗಾಡಿಯಲ್ಲಿ ಹೋಗುತ್ತೇವೆ. ಬಾದಾಮಿ ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ., ಆಟೋ ಸಿಗುತ್ತದೆ. ಮೂರು ಲೀಟರ್ ನೀರು, ಟೊಪ್ಪಿಗೆ, ಮೈ ಬಿಗಿಯದ ಬಟ್ಟೆ ಇರಲಿ. ಕೈಕಾಲಿನ ಉಗುರು ಹಿಂದಿನ ದಿನವೇ ಕತ್ತರಿಸಿಕೊಳ್ಳಿ. ಮೊದಲ ದಿನ ಹತ್ತುವ ಮೊದಲು ಒಂದು ಗಂಟೆ ಮೇಷ್ಟ್ರ ಪಕ್ಕ ನಿಂತು ಹಗ್ಗ ಹಿಡಿಯುವುದನ್ನು ನೋಡಬೇಕು. ಊಟ ತರುವುದು ಬೇಡ, ರೊಟ್ಟಿ ಇರುತ್ತದೆ. ಉಂಗುರ, ಕಾಲುಂಗುರ ಇದ್ದರೆ ಚಿಂತೆ ಬೇಡ. ಅಜ್ಜಿ ಈಗ ಪ್ರತಿ ಸಲ ಬರುತ್ತಾರೆ, ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಾರೆ.